ಹುಕುಂ ಕೇಳುವ ಕಾಲು

ಡಿಗ್ರಿ ಎನ್ನುವುದು ಈ ಜನ್ಮದಲ್ಲಿ ನನ್ನಿಂದ ಆಗದ ಕೆಲಸ ಎಂದು ಮೊದಲು ಹೇಳಿದವರು ನನ್ನ ಹೆಂಡತಿಯ ಅಣ್ಣ ಚಂದ್ರಶೇಖರಯ್ಯನವರು. ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು. ಕೆಟ್ಟವರೇನಲ್ಲ. ಒಂದು ಭಾನುವಾರ ಫರೀದಾಬಾದಿನ ನಮ್ಮ ಮನೆಗೆ ಬಂದು, ನಾನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತರುವ ಸಾಹಸವನ್ನು ನೋಡುತ್ತ, "ಅಲ್ಲಯ್ಯಾ, ಲೋಟ ಹಿಡಿಯೋಕೇ ಎರಡು ಕೈ ಬೇಕು ನಿನಗೆ. ಪೆನ್ನು ಹಿಡಿಯೋಕೆ ಮೂರನೇದು ಎಲ್ಲಿಂದ ತರ್ತೀಯ?" ಎಂದರು. ತಮಾಷೆ ಚೆನ್ನಾಗಿತ್ತು. ನಾನೂ ನಕ್ಕೆ. ನಕ್ಕ ರಭಸಕ್ಕೆ ಚಹಾ ಅಂಗಿಯ ಮೇಲೆ ಚೆಲ್ಲಿ ಅವರ ವಾದವೇ ಗೆದ್ದಿತು.

ಇದು ನೆನಪಾದದ್ದು ಇವತ್ತು ಬೆಳಿಗ್ಗೆ. ನಮ್ಮ ಸೆಕ್ಟರಿನ ಪಾರ್ಕಿನಲ್ಲಿ ಶಾಲೆಯ ಮಕ್ಕಳು ಗಣರಾಜ್ಯೋತ್ಸವದ ಕವಾಯತಿಗೆ ತಾಲೀಮು ಮಾಡುತ್ತಿದ್ದರು. ಪಿ.ಟಿ. ಮೇಷ್ಟ್ರು "ಕದಮ್ ತಾಲ್" ಎಂದು ಕೂಗಿದರು. ಎಂದರೆ, ನಿಂತಲ್ಲೇ ಹೆಜ್ಜೆ ಹಾಕಿ. ಮಕ್ಕಳು ಅರ್ಧ ಮನಸ್ಸಿನಿಂದ ಕಾಲೆತ್ತಿದರು. ಬೆಂಚಿನ ಮೇಲೆ ಕಡಲೆಕಾಯಿ ಸುಲಿಯುತ್ತ ಕೂತಿದ್ದ ನನ್ನ ಹಿಮ್ಮಡಿ ಮಾತ್ರ ನನ್ನನ್ನು ಒಂದು ಮಾತೂ ಕೇಳದೆ, ಪೂರ್ತಿ ಮನಸ್ಸಿನಿಂದ ನೆಲ ಕುಟ್ಟತೊಡಗಿತು. ಪಕ್ಕದಲ್ಲಿ ಕೂತಿದ್ದ ಮುದುಕರು ಸ್ವಲ್ಪ ಸರಿದು ಕೂತರು.

ನಾನು ಹದಿನೆಂಟು ತುಂಬುತ್ತಲೇ ಫೌಜಿಗೆ ಸೇರಿದವನು. ಅರಸೀಕೆರೆಯ ಹತ್ತಿರ ನಮ್ಮಪ್ಪ ರೈಲ್ವೆ ಗ್ಯಾಂಗಿನಲ್ಲಿ ಹಳಿಗೆ ಜಲ್ಲಿ ಹಾಕುತ್ತಿದ್ದ. ಎಸ್ಸೆಸ್ಸೆಲ್ಸಿ ಪಾಸಾದ ದಿನ ನನ್ನನ್ನು ಸ್ಟೇಷನ್ ಮಾಸ್ತರರ ಮುಂದೆ ನಿಲ್ಲಿಸಿ, "ಇವನು ಓದಿದವನು ಸ್ವಾಮಿ" ಎಂದಿದ್ದ. ನಮ್ಮ ವಂಶದಲ್ಲಿ ಓದಿನ ಹಳಿ ಅಲ್ಲಿಗೆ ಮುಗಿದಿತ್ತು. ಟ್ರೇನಿಂಗ್ ಸೆಂಟರಿನಲ್ಲಿ ನಮಗೊಬ್ಬ ಡ್ರಿಲ್ ಉಸ್ತಾದರಿದ್ದರು. ಮೈದಾನದ ಆ ತುದಿಯಲ್ಲಿ ನಿಂತು ಕೂಗಿದರೆ ಈ ತುದಿಯ ಕಾಗೆ ಹಾರುತ್ತಿತ್ತು. "ದಿಮಾಗ್ ಬ್ಯಾರಕ್ ಮೇ ಛೋಡ್ ಕೇ ಆವೋ, ಸಿರ್ಫ್ ಪಾಂವ್ ಲೇಕೇ ಆವೋ" ಎನ್ನುತ್ತಿದ್ದರು. ತಲೆಯನ್ನು ಬ್ಯಾರಕ್ಕಿನಲ್ಲಿ ಬಿಟ್ಟು ಬನ್ನಿ, ಕಾಲನ್ನಷ್ಟೇ ತನ್ನಿ. ಆಗ ಅದನ್ನು ಬೈಗುಳ ಎಂದುಕೊಂಡಿದ್ದೆ.

ಕಾಯಿಲೆ ಶುರುವಾದದ್ದು ನೌಕರಿಯ ಕೊನೆಯ ವರ್ಷಗಳಲ್ಲಿ. ಶುರುವಾದದ್ದು ಎನ್ನಲೂ ಅಂಜಿಕೆ, ಏಕೆಂದರೆ ಶುರುವಾಯಿತೆಂದು ಯಾವ ಡಾಕ್ಟರೂ ಒಪ್ಪಿಲ್ಲ. ಒಂದು ದಿನ ಎಡಗಾಲು ನನ್ನದಲ್ಲ ಅನ್ನಿಸಿತು. ನೋವಿಲ್ಲ, ಊತವಿಲ್ಲ, ಬಾಡಿಗೆಗೆ ತಂದ ಕಾಲಿನ ಹಾಗೆ. ಆಮೇಲೆ ಬಲಗೈ ನಡುಗತೊಡಗಿತು. ಕೆಲವು ದಿನ ತಲೆಯೊಳಗೆ ಇರುವೆ ಹರಿದಂತೆ, ಕೆಲವು ದಿನ ಮಾತಿನ ನಡುವೆ ಒಂದು ಪದ ಕೈಬಿಟ್ಟ ಬಕೆಟ್ಟಿನಂತೆ ಬಾವಿಗೆ ಬಿದ್ದುಹೋಗುವುದು. ಎಲ್ಲಕ್ಕಿಂತ ವಿಚಿತ್ರವೆಂದರೆ ಬಾಗಿಲು. ಬಯಲಿನಲ್ಲಿ ಹೇಗೋ ನಡೆಯುವೆ. ಹೊಸ್ತಿಲು ಬಂದರೆ ಕಾಲು ನೆಲಕ್ಕೆ ಅಂಟುವುದು. ನೀವು ಯಾವತ್ತಾದರೂ ಒಂದು ಬಾಗಿಲನ್ನು ಇಷ್ಟು ಹೊತ್ತು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಮನೆಯ ಬಾಗಿಲಿನ ಮರದ ಗಂಟುಗಳನ್ನು ಕಣ್ಣು ಮುಚ್ಚಿ ಹೇಳಬಲ್ಲೆ.

ಆಸ್ಪತ್ರೆಗಳಿಗೆ ಅಲೆದೆ. ಮಿದುಳಿನ ಫೋಟೋ ತೆಗೆದರು, ಬೆನ್ನಿನ ನೀರು ತೆಗೆದರು, ಸೂಜಿ ಚುಚ್ಚಿ ನರಗಳನ್ನು ಮಾತಾಡಿಸಿದರು. ಎಳೆ ವಯಸ್ಸಿನ ಡಾಕ್ಟರೊಬ್ಬರು ಫಿಲ್ಮನ್ನು ಬೆಳಕಿಗೆ ಹಿಡಿದು, "ಹವಾಲ್ದಾರ್ ಸಾಬ್, ಬಹುತ್ ಸುಂದರ್ ತಸ್ವೀರ್ ಹೈ, ಏಕ್‌ದಮ್ ಸಾಫ್" ಎಂದರು. ಬಹಳ ಸುಂದರವಾದ ಚಿತ್ರ, ಒಂದು ಕಲೆಯೂ ಇಲ್ಲ. ಮುಖಕ್ಕೆ ಯಾವತ್ತೂ ಸಿಗದ ಹೊಗಳಿಕೆ ಮಿದುಳಿಗೆ ಸಿಕ್ಕಿತು. ಅವರು ಒಳ್ಳೆಯ ಮನುಷ್ಯ. ತಮಗೆ ಗೊತ್ತಾಗುತ್ತಿಲ್ಲ ಎಂದು ನೇರವಾಗಿ ಹೇಳಿದರು. ಬೇರೆಯವರು ಹಾಗೆ ಹೇಳಲಿಲ್ಲ. "ಟೆನ್ಶನ್ ಮತ್ ಲೀಜಿಯೇ", ತಲೆ ಕೆಡಿಸಿಕೊಳ್ಳಬೇಡಿ, ಎಂದರು. ಜೊತೆಗಾರರಲ್ಲಿ ಕೆಲವರು, ಇವನು ಮನೆಗೆ ಹೋಗಲು ನಾಟಕ ಕಟ್ಟಿದ್ದಾನೆ ಎಂದರು. ನನಗೇ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಆದರೆ ಇಷ್ಟು ಚೆನ್ನಾಗಿ ನಾಟಕವಾಡುವ ಪ್ರತಿಭೆ ನನ್ನಲ್ಲಿದ್ದರೆ ಊರಿನ ನಾಟಕದಲ್ಲಿ ನನಗೆ ದ್ವಾರಪಾಲಕನ ಪಾತ್ರವನ್ನೇ ಯಾಕೆ ಕೊಡುತ್ತಿದ್ದರು?

ನಾನು ನಿವೃತ್ತನಾದ ಮೇಲೆ ಫರೀದಾಬಾದಿನಲ್ಲಿ ನಿಂತೆವು. ಮೆಟ್ರೊ ಇನ್ನೂ ಇತ್ತ ಬಂದಿರದ ಕಾಲ. ಹೆಂಡತಿ ಶಾರದ ಹೊಲಿಗೆ ಹಾಕುತ್ತಿದ್ದಳು. ನಾನು ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕುರ್ಚಿ ಕಾಯುತ್ತಿದ್ದೆ. ಒಂದು ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟೆ. ಶಾರದ ಕೈಯಲ್ಲಿ ಬಿಸಿ ಸಾರಿನ ಪಾತ್ರೆ ಹಿಡಿದು ನನ್ನ ಹಿಂದೆ. "ಸರೀರಿ" ಎಂದಳು. ಸರಿಯಲಿಲ್ಲ. "ಕೈ ಸುಡ್ತಿದೆ, ಸರೀರಿ ಅಂದ್ರೆ." ಸರಿಯಲು ಕಾಲಿಲ್ಲ. ಅವಳು ಮದುವೆಯಾಗಿ ಬಂದದ್ದೇ ಫೌಜಿ ಕ್ವಾರ್ಟರಿಗೆ. ವರ್ಷಗಟ್ಟಲೆ ಬೆಳಗಿನ ಕವಾಯತಿನ ಕೂಗು ಕೇಳಿಯೇ ಹಾಲು ಕಾಯಿಸಿದವಳು. ಸಿಟ್ಟಿಗೋ ತಮಾಷೆಗೋ, ಉಸ್ತಾದರ ಗಂಟಲನ್ನೇ ತಂದುಕೊಂಡು ನನ್ನ ಕಿವಿಯ ಹತ್ತಿರ, ಬಿರುಸಾಗಿ ನಡೆ ಎನ್ನುವ ಹುಕುಂ ಕೊಟ್ಟಳು: "ತೇಜ್ ಚಲ್."

ಎಡಗಾಲು ಎದ್ದಿತು.

ನಾನು ಎತ್ತಲಿಲ್ಲ, ಅದು ಎದ್ದಿತು. ಹೊಸ್ತಿಲು ದಾಟಿ, ಊಟದ ಮೇಜನ್ನೂ ದಾಟಿ, ಎದುರಿನ ಗೋಡೆಯವರೆಗೆ ಹೋಗಿ ನಿಂತೆ. ತಿರುಗಿ ನೋಡಿದರೆ ಅವಳು ಸಾರಿನ ಪಾತ್ರೆಯನ್ನು ನೆಲದ ಮೇಲಿಟ್ಟು ಅಲ್ಲೇ ಕೂತುಬಿಟ್ಟಿದ್ದಾಳೆ. ದೇವಸ್ಥಾನದಲ್ಲಿ ಗರ್ಭಗುಡಿಯ ತೆರೆ ಸರಿದಾಗ ಆಗುತ್ತದಲ್ಲ, ಇಬ್ಬರಿಗೂ ಅಂಥದ್ದೇ ಆಯಿತು. ನನ್ನ ಮಾತನ್ನು ಕೇಳದ ಕಾಲಿನೊಳಗೆ ಯಾರೋ ಒಬ್ಬ ಹದಿನೆಂಟರ ಹುಡುಗ ಇನ್ನೂ ಅಟೆನ್ಶನ್ನಿನಲ್ಲಿ ನಿಂತಿದ್ದ, ಹುಕುಮಿಗೆ ಕಾಯುತ್ತ. ಡಾಕ್ಟರುಗಳ ಯಂತ್ರಗಳಿಗೆ ಅವನು ಕಂಡಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಗಂಡನನ್ನು ಹೆಂಡತಿ ಕವಾಯತು ಮಾಡಿಸುವುದು ಪದ್ಧತಿಯಾಯಿತು. ಎಷ್ಟೋ ಮನೆಗಳಲ್ಲಿ ಗುಟ್ಟಾಗಿ ನಡೆಯುವುದು ನಮ್ಮಲ್ಲಿ ಬಹಿರಂಗವಾಗಿ ನಡೆಯಿತು. ಶಾಲೆಗೆ ಹೋಗುತ್ತಿದ್ದ ಮಗಳು ಕಾವ್ಯ, "ಅಪ್ಪಾ, ಪೀಛೇ ಮುಡ್, ಚಪ್ಪಲಿ ಮರೆತಿದ್ದೀರ" ಎಂದು ನನ್ನನ್ನು ಹಿಂದಕ್ಕೆ ತಿರುಗಿಸುತ್ತಿದ್ದಳು. ಒಮ್ಮೆ ಮಾತ್ರ ಎಡವಟ್ಟಾಯಿತು. ಮಥುರಾ ರಸ್ತೆ ದಾಟುತ್ತಿದ್ದೆವು. ಮುಂದೆ ಓಡಿದ ಕಾವ್ಯಳನ್ನು ತಡೆಯಲು ಶಾರದ ಗಾಬರಿಯಲ್ಲಿ "ಥಮ್" ಎಂದಳು. ಮಗಳು ನಿಲ್ಲಲಿಲ್ಲ, ನಾನು ನಿಂತೆ. ರಸ್ತೆಯ ನಟ್ಟನಡುವೆ, ಎದೆ ಮುಂದೆ ಮಾಡಿ, ಎರಡೂ ಕಡೆಯಿಂದ ಟ್ರಕ್ಕುಗಳು ಬರುತ್ತಿರುವಾಗ. ಶಾರದಳಿಗೆ ಮುಂದಿನ ಹುಕುಂ ಮರೆತೇಹೋಯಿತು. "ಹೋಗಿ, ನಡೀರಿ, ಬನ್ನಿ" ಎಂದು ತನಗೆ ಗೊತ್ತಿದ್ದ ಕನ್ನಡವನ್ನೆಲ್ಲ ಸುರಿದಳು. ಕಾಲಿಗೆ ಕನ್ನಡ ಬಾರದು. ಕೊನೆಗೆ ಗಾಡಿಯ ಮೇಲೆ ಮೂಲಂಗಿ ಮಾರುತ್ತಿದ್ದ, ನಮ್ಮನ್ನು ದಿನವೂ ನೋಡುತ್ತಿದ್ದ ಭಯ್ಯಾ ಫುಟ್‌ಪಾತಿನಿಂದ, "ಅರೇ ಫೌಜೀ, ತೇಜ್ ಚಲ್" ಎಂದು ಕೂಗಿ ನನ್ನನ್ನು ದಡ ಸೇರಿಸಿದ.

ಈ ನಡುವೆ ನನಗೆ ಓದುವ ಹುಚ್ಚು ಹಿಡಿದದ್ದು. ಸುಳ್ಳು ಹೇಳುವುದಿಲ್ಲ, ಅದರಲ್ಲಿ ಹಟವೇ ಹೆಚ್ಚು. ನನ್ನಲ್ಲಿ ಒಂದು ಕೆಲಸ ಉಳಿದಿದೆ ಎಂದು ನನಗೇ ಗೊತ್ತಾಗಬೇಕಿತ್ತು. ಪಿಯುಸಿ ಓದದವರಿಗೆಂದೇ ಇದ್ದ ಪೂರ್ವಸಿದ್ಧತೆಯ ಪಾಠ ಮುಗಿಸಿ, ಅಂಚೆಯ ಮೂಲಕ ಬಿ.ಎ.ಗೆ ಹೆಸರು ಕೊಟ್ಟೆ. ಓದುವುದು ಸಲೀಸಾಯಿತು, ಇತಿಹಾಸದ ರಾಜರುಗಳಿಗೆ ನನ್ನ ಕೈ ನಡುಗಿದರೇನು? ಕಷ್ಟ ಬಂದದ್ದು ಬರೆಯುವುದಕ್ಕೆ. ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆಯಲು ಸಹಾಯಕರನ್ನು ಕೊಡುತ್ತಾರೆಂದು ಕೇಳಿ ಸ್ಟಡಿ ಸೆಂಟರಿಗೆ ಹೋದೆ. ಕಿಟಕಿಯ ಆಚೆಗಿದ್ದಾತ ಕಾಯಿಲೆಯ ಹೆಸರು ಕೇಳಿದ, "ಬೀಮಾರೀ ಕಾ ನಾಮ್?"

"ನಾಮ್ ನಹೀಂ ಹೈ, ಭಾಯ್ ಸಾಬ್. ಅಭೀ ತಕ್ ಪತಾ ನಹೀಂ ಚಲಾ." ಇನ್ನೂ ಗೊತ್ತಾಗಿಲ್ಲ ಎಂದೆ.

"ನಾಮ್ ನಹೀಂ ತೋ ಬೀಮಾರೀ ನಹೀಂ." ಹೆಸರಿಲ್ಲದಿದ್ದರೆ ಕಾಯಿಲೆಯೇ ಇಲ್ಲ. ಅವನು ಒರಟಾಗಿ ಹೇಳಲಿಲ್ಲ. ಅವನ ಕಾಗದದಲ್ಲಿ ಹೆಸರಿಲ್ಲದ್ದಕ್ಕೆ ಜಾಗವಿರಲಿಲ್ಲ, ಅಷ್ಟೆ.

ನಾನೇ ಬರೆದೆ. ಒಂದೊಂದೇ ವರ್ಷ, ಕೆಲವನ್ನು ಎರಡೆರಡು ಸಲ. ನನ್ನ ಉತ್ತರ ಪತ್ರಿಕೆ ಮಸಿಯಲ್ಲಿ ಬಿದ್ದೆದ್ದ ಜಿರಳೆ ವಾಯುವಿಹಾರಕ್ಕೆ ಹೋದಂತೆ ಇರುತ್ತಿತ್ತು. ಕೊನೆಯ ವರ್ಷದ ಒಂದು ಪೇಪರು ಮಾತ್ರ ಜಪ್ಪಯ್ಯ ಎಂದರೂ ದಾಟಲಿಲ್ಲ. ಕೊಟ್ಟ ಅವಧಿ ಮುಗಿಯುತ್ತ ಬಂದಿತ್ತು. ಆ ಡಿಸೆಂಬರಿನಲ್ಲಿ ಆಗದಿದ್ದರೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕಿತ್ತು. ಅಷ್ಟು ಬರೆಯುವ ಕೈ ನನ್ನಲ್ಲಿ ಉಳಿದಿರಲಿಲ್ಲ.

ಪರೀಕ್ಷೆಗೆ ಮುಂಚೆ ಒಂದು ಮಧ್ಯಾಹ್ನ ಶಾರದ ಬಟಾಣಿ ಬಿಡಿಸುತ್ತ, ನಾನು ಬರೆಯುವುದನ್ನು ನೋಡುತ್ತಿದ್ದಳು. "ಕಾಲು ಹುಕುಂ ಕೇಳುತ್ತೆ. ಕೈ ಯಾಕೆ ಕೇಳಬಾರದು?" ಎಂದಳು. ಏಕ್‌–ದೋ, ಏಕ್‌–ದೋ ಎಂದು ಲಯ ಹಿಡಿದಳು. ಲಯಕ್ಕೆ ನಾನು ಹಿಮ್ಮಡಿ ಕುಟ್ಟಿದೆ. ಹಿಮ್ಮಡಿಯ ಹಿಂದೆ ಹಿಂದೆಯೇ ಕೈ ನಡೆಯಿತು. ಅಕ್ಷರಗಳು ಸಾಲಾಗಿ ನಿಂತವು. ಅವಳ ಕೈಯಿಂದ ಒಂದು ಬಟಾಣಿ ಉರುಳಿ ಮಂಚದ ಕೆಳಗೆ ಹೋಯಿತು. ಇಬ್ಬರೂ ಅದನ್ನು ಹೆಕ್ಕಲಿಲ್ಲ.

ಪರೀಕ್ಷೆಯ ದಿನ ಆ ಲಯವನ್ನು ಮನಸ್ಸಿನಲ್ಲಿಟ್ಟುಕೊಂಡು, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ಹೋದೆ. ಬರೆಯತೊಡಗಿದೆ. ಮೊದಲ ಪುಟ ಮುಗಿಯುವುದರೊಳಗೆ ಪಕ್ಕದ ಮೇಜಿನ ಹುಡುಗಿ ಎದ್ದು, "ಮ್ಯಾಮ್, ಅಂಕಲ್ ಬಹುತ್ ಠಕ್ ಠಕ್ ಕರ್ ರಹೇ ಹೈಂ" ಎಂದಳು. ಮೇಲ್ವಿಚಾರಕಿ ಬಂದರು. ವಿವರಿಸಲು ಹೊರಟರೆ ಬೇಕಾದ ಪದವೇ ಬಾವಿಗೆ ಬಿತ್ತು. "ಸದ್ದು ಮಾಡಬೇಡಿ, ಇಲ್ಲವಾದರೆ ಎದ್ದು ಹೋಗಬೇಕಾಗುತ್ತದೆ" ಎಂದು ಹಿಂದಿಯಲ್ಲಿ ಹೇಳಿ ಹೋದರು. ಕುಟ್ಟುವುದನ್ನು ನಿಲ್ಲಿಸಿದೆ. ಕೈಯೂ ನಿಂತಿತು. ಪೆನ್ನು ಕಾಗದದ ಮೇಲೆ ಒಂದೇ ಚುಕ್ಕೆಯನ್ನು ದೊಡ್ಡದು ಮಾಡುತ್ತ ಕೂತಿತು.

ಬೂಟು ಬಿಚ್ಚಿದೆ, ಕಾಲುಚೀಲವನ್ನೂ ಬಿಚ್ಚಿದೆ. ಬರಿಗಾಲಿನಲ್ಲಿ ಕುಟ್ಟಿ ನೋಡಿದೆ. ಡಿಸೆಂಬರಿನ ಸಿಮೆಂಟು ನೆಲ. ಮೊದಲೇ ಮರಗಟ್ಟಿದ ಕಾಲಿಗೆ ತಾನು ಕುಟ್ಟುತ್ತಿದ್ದೇನೋ ಇಲ್ಲವೋ ತಿಳಿಯದಾಯಿತು. ಹುಡುಗಿ ನೋಡುತ್ತಿದ್ದಳು. ನನ್ನ ಕಾಲನ್ನು ನೋಡಿದಳು, ಕೈಯನ್ನು ನೋಡಿದಳು, ಮತ್ತೆ ಕಾಲನ್ನು ನೋಡಿದಳು. ತಾನು ಹೊದ್ದ ಶಾಲನ್ನು ತೆಗೆದು ಮಡಿಸಿ, ಬಗ್ಗಿ ನನ್ನ ಪಾದದ ಕೆಳಗೆ ತಳ್ಳಿದಳು. "ಅಬ್ ಮಾರಿಯೇ, ಅಂಕಲ್", ಈಗ ಕುಟ್ಟಿ, ಎಂದು ಪಿಸುಗುಟ್ಟಿ ತನ್ನ ಪ್ರಶ್ನೆಪತ್ರಿಕೆಗೆ ಮರಳಿದಳು. ಆಮೇಲೆ ಒಮ್ಮೆಯೂ ಈ ಕಡೆ ನೋಡಲಿಲ್ಲ. ಆ ಚಳಿಯಲ್ಲಿ ಭುಜ ಕುಗ್ಗಿಸಿಕೊಂಡು ಬರೆಯುತ್ತಿದ್ದಳು.

ಉಣ್ಣೆಯ ಬಿಸುಪು ಪಾದಕ್ಕೆ ಮೆಲ್ಲಗೆ ತಿಳಿಯಿತು. ಕಾಲು ನಡೆಯಿತು, ಕೈ ನಡೆಯಿತು. ಮೂರು ಗಂಟೆ ನಾನು ಕೂತಲ್ಲೇ ಮಾರ್ಚ್ ಮಾಡಿದೆ. ಅಷ್ಟು ದೂರ ನಾನು ಫೌಜಿನಲ್ಲೂ ನಡೆದಿರಲಿಲ್ಲ. ಗಂಟೆ ಹೊಡೆದಾಗ ಉತ್ತರಗಳೆಲ್ಲ ಮುಗಿದಿದ್ದವು. ಶಾಲನ್ನು ಕೊಡವಿ ಹಿಂತಿರುಗಿಸುವಾಗ ಅವಳ ಹೆಸರು ಕೇಳಬೇಕೆಂದುಕೊಂಡೆ. ಅವಳು ಆಗಲೇ ಬಸ್ಸಿಗೆ ಓಡುತ್ತಿದ್ದಳು.

ಪಾಸಾದೆ. ಎಷ್ಟು ಅಂಕ ಎಂದು ಕೇಳಬೇಡಿ, ಪಾಸಾದೆ. ದೆಹಲಿಯ ವಸಂತ್ ಕುಂಜ್ ಕಡೆಯ ಒಂದು ಸಭಾಂಗಣದಲ್ಲಿ ಪ್ರಮಾಣಪತ್ರ ಕೊಟ್ಟರು. ನನ್ನ ಮುಂದಿನವರು ಹಿಂದಿನವರು ಎಲ್ಲ ಮಕ್ಕಳ ವಯಸ್ಸಿನವರು. ಒಬ್ಬ ನನ್ನನ್ನು ಯಾರದೋ ತಂದೆ ಎಂದುಕೊಂಡು ಕುರ್ಚಿ ಬಿಟ್ಟುಕೊಟ್ಟ. ಹೆಸರು ಕರೆದರು. ವೇದಿಕೆಯ ಮೇಲೆ ಹಿರಿಯರೊಬ್ಬರು ನಕ್ಕು ಕಾಗದವನ್ನು ನನ್ನ ಕೈಗಿತ್ತರು. ಅದು ಗಾಳಿಗೆ ಸಿಕ್ಕ ಎಲೆಯಂತೆ ಅದುರಿತು. ಹಾಗೆಯೇ ಹಿಡಿದುಕೊಂಡು ಕೆಳಗೆ ಬಂದೆ. ಕೊನೆಯ ಸಾಲಿನಲ್ಲಿ, ಮದುವೆಯಲ್ಲಿ ಉಟ್ಟ ಹಸಿರು ಸೀರೆಯಲ್ಲಿ ಶಾರದ ಎದ್ದು ನಿಂತಿದ್ದಳು. ಪ್ರಮಾಣಪತ್ರವನ್ನು ಅವಳ ಕೈಗೆ ಕೊಟ್ಟೆ.

ನನ್ನ ಕೈ ಬಿಟ್ಟಮೇಲೂ ಅದು ಅವಳ ಕೈಯಲ್ಲಿ ಅದುರುತ್ತಲೇ ಇತ್ತು. ಶಾರದ ಅದನ್ನೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನೋಡಿ, ಈಗ ನನಗೂ ಬಂತು," ಎಂದಳು. "ಯಾವ ಡಾಕ್ಟರ ಹತ್ರಾನೂ ಹೋಗೋದು ಬೇಡ. ಇದು ಹೀಗೇ ಇರಲಿ."