ನರೆಲ್ ಬಡಿದರೂ ನೆಲ ಬಾಯಿಬಿಡದ ದಿನ

ಬೆಳಗಿನ ಜಾವ. ರಾತ್ರಿ ಪಾಳಿಯವರು ಇಳಿದು ಹಗಲಿನವರು ಹತ್ತುವ ಸ್ವಲ್ಪ ಹೊತ್ತು ಮಾತ್ರ ಆಸ್ಟ್ರೇಲಿಯಾದ ಕಾಲ್ಗೂರ್ಲಿ ಊರಿನ ಹೊರಗಿರುವ ನಮ್ಮ ಚಿನ್ನದ ಗಣಿಯಲ್ಲಿ ಲಾರಿಗಳು ಸುಮ್ಮನಿರುತ್ತವೆ. ನರೆಲ್ ವುಕೋವಿಚ್‌ಗೆ ಬೇಕಾದದ್ದು ಆ ಮೌನವೇ. ಕಂಪನ ಹಿಡಿಯುವ ಮೊಳೆಗಳನ್ನು ಸಾಲಾಗಿ ನೆಟ್ಟು, ನೆಲದ ಮೇಲಿಟ್ಟ ಕಬ್ಬಿಣದ ಹಲಗೆಗೆ ಸುತ್ತಿಗೆ ಬೀಸುತ್ತಾಳೆ. ಏಟಿನ ಕಂಪನ ಗಟ್ಟಿ ಬಂಡೆಯಲ್ಲಿ ಓಡುತ್ತದೆ, ಸಡಿಲ ನೆಲದಲ್ಲಿ ಕುಂಟುತ್ತದೆ. ಅದನ್ನು ಪರದೆಯ ಮೇಲೆ ನೋಡಿಯೇ ಯಾವ ಕುಳಿಗೆ ಎಷ್ಟು ಸಿಡಿಮದ್ದು ಎಂದು ತೀರ್ಮಾನಿಸುತ್ತಾರೆ. ಬಂಡೆ ಹದವಾಗಿ ಒಡೆದ ದಿನ ಹೊಗಳಿಕೆಯೆಲ್ಲ ಸಿಡಿಸಿದವರಿಗೆ.

ಗಣಿಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಇವಳು. ಒಂದು ದಿನ ಆಳು ಬರಲಿಲ್ಲವೆಂದು ಈ ಮೊಳೆಗಳ ತಂತಿ ಎಳೆಯಲು ಬಂದು ಇಲ್ಲೇ ಉಳಿದಳು. ಈಗ ಚಳಿಗೆ ಬಲಭುಜ ಹಿಡಿದುಕೊಳ್ಳುತ್ತದೆ.

ಇವತ್ತು ಪೂರ್ವದ ಮೂಲೆಯಲ್ಲಿ ಕಂಪನ ವಿಪರೀತ ಕುಂಟುತ್ತಿದೆ. ಕೆಳಗೆ ಮುತ್ತಜ್ಜಂದಿರ ಕಾಲದ ಸುರಂಗವಿದ್ದರೆ, ಮದ್ದು ತುಂಬಲು ಹೋದವನ ಕಾಲಡಿಯ ನೆಲವೇ ಕುಸಿಯಬಹುದು. ತುಂಬಬೇಕಾದವನು ಅವಳ ತಮ್ಮ ಮಾರ್ಟಿ.

ಕುಳಿ ಕೊರೆದವನು ಮಾತ್ರ ಮೇಲಷ್ಟೇ ಪುಡಿ, ಕೆಳಗೆಲ್ಲ ಕಲ್ಲು ಎಂದು ಆಣೆ ಹಾಕುತ್ತಾನೆ. ಪಕ್ಕದಲ್ಲಿ ಇನ್ನೊಂದು ಕೊರೆಸುತ್ತಾರೆ. ಅಲ್ಲೂ ಕಲ್ಲೇ. ಮಾಮೂಲಿ ಪುಡಿಗೆ ಇಷ್ಟು ಕುಂಟಬಾರದು ಎನ್ನುತ್ತ ನರೆಲ್ ಮತ್ತೆ ಬಡಿಯುತ್ತಾಳೆ. ಮತ್ತೆ ಅದೇ ಕುಂಟು. ಗಣಿಯ ಸುದ್ದಿಪತ್ರಕ್ಕೆ ಅವಳ ಬಗ್ಗೆ ಬರೆಯಲು ಬಂದಿರುವ ನನಗೂ ಪರದೆಯ ಗೆರೆಗಳನ್ನು ತೋರಿಸುತ್ತಾಳೆ. ನನಗೆ ತಲೆಬುಡ ತಿಳಿಯುವುದಿಲ್ಲ. ಅವಳಿಗೂ ತಿಳಿಯುತ್ತಿಲ್ಲ, ನನಗೆ ಭಯವಾಗುವುದು ಅದಕ್ಕೇ.

ಮೇಲ್ವಿಚಾರಕ ಗ್ರೆವಿಲ್ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾನೆ. “ಪೊಳ್ಳೋ ಗಟ್ಟಿಯೋ, ಒಂದು ಹೇಳು ತಾಯಿ. ಗಿರಣಿಯವ್ರು ಅದಿರಿಗೆ ಬಾಯ್ಬಿಟ್ಕೊಂಡು ಕೂತಿದಾರೆ.”

“ಗೊತ್ತಿಲ್ಲ.”

“ಇಷ್ಟು ವರ್ಷ ಬಡ್ದು ಇದೇನಾ ಉತ್ತರ?”

“ಇದೇ. ಗೊತ್ತಾಗೋವರ್ಗೂ ಆ ಮೂಲೆಗೆ ಯಾರೂ ಕಾಲಿಡ್ಬೇಡಿ.”

ಗ್ರೆವಿಲ್ ಗೊಣಗುತ್ತಲೇ ಆ ಮೂಲೆಗೆ ಮದ್ದು ತುಂಬಿಸದೆ ಬಿಡುತ್ತಾನೆ. ಮಧ್ಯಾಹ್ನ ಉಳಿದದ್ದೆಲ್ಲ ಸಿಡಿಯುತ್ತದೆ. ಧೂಳಿಳಿದ ಮೇಲೆ ನೋಡಿದರೆ ಮೂಲೆಯೊಂದೇ ದಿಬ್ಬವಾಗಿ ನಿಂತಿದೆ.

ಮರುದಿನ ಅಗೆಯುವ ಯಂತ್ರ ದೂರ ನಿಂತೇ ಅದರ ನೆತ್ತಿ ಕೆರೆಯುತ್ತದೆ. ಸುರಂಗವಿಲ್ಲ, ಗಿರಂಗವಿಲ್ಲ. ಕೊರೆಯುವ ಯಂತ್ರ ನೆಟ್ಟಗೆ ನಿಲ್ಲಲೆಂದು ಬುಲ್ಡೋಜರ್‌ನ ಲೈಲ್ ಅಲ್ಲಿದ್ದ ತಗ್ಗಿಗೆ ಜಲ್ಲಿಪುಡಿ ತುಂಬಿ ಮಟ್ಟ ಮಾಡಿದ್ದ. ಯಾರಿಗೂ ಹೇಳದೆ ವಾರದ ರಜೆಗೆ ಪರ್ತ್‌ಗೆ ವಿಮಾನ ಹತ್ತಿದ್ದ. ನರೆಲ್ ಮೊಳೆ ನೆಟ್ಟದ್ದು ಆ ಪುಡಿಯಲ್ಲಿ. ಅದರ ಕೆಳಗೆ ಅಪ್ಪಟ ಬಂಡೆ.

ಚಹಾದ ಹೊತ್ತಿಗೆ ದಿಬ್ಬಕ್ಕೆ ‘ನರೆಲ್ ಗುಡ್ಡ’ ಎಂದು ನಾಮಕರಣವೂ ಆಗಿದೆ. ಬಾಯ್ತುಂಬ ಮಾಂಸದ ಪೈ ತುಂಬಿಕೊಂಡು ಎಲ್ಲರಿಗಿಂತ ಜೋರಾಗಿ ನಗುತ್ತಿರುವವನು ಮಾರ್ಟಿ. ಬೂಟಿನಲ್ಲಿ ಕೆದಕಿ ನೋಡಿ ಮೊಳೆ ನೆಡಬೇಕಿತ್ತು, ತಪ್ಪು ತನ್ನದೇ ಎಂದು ನರೆಲ್ ಒಪ್ಪುತ್ತಾಳೆ. ಅವಳ ಮುಖ ಕೆಂಪಾಗಿದೆ. ನನಗೆ ಪಾಪ ಅನಿಸುತ್ತದೆ.

ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ರಜೆಗೆ ಹೊರಡುವ ಮೊದಲು ಲೈಲ್ ಒಂದು ಮಾತು ಹೇಳಿಹೋದರೆ ಸಾಕಂತೆ. ಆಮೇಲೆ ತಮ್ಮನ ಕಡೆ ನೋಡುತ್ತಾಳೆ.

“ನಗ್ಲಿ ಬಿಡಿ. ಅಲ್ಲಿ ನಿಂತಿದ್ರೂ ಅವನಿಗೇನೂ ಆಗ್ತಿರ್ಲಿಲ್ಲ. ಅದು ಈಗ ಗೊತ್ತು. ನಿನ್ನೆ ಬೆಳಿಗ್ಗೆ ಗೊತ್ತಿರ್ಲಿಲ್ಲ.”