ಫ್ರೀಜರಿನ ಎರಡನೆಯ ಕೂಗು

ನಮ್ಮ ಕಡೆ ಸೈರನ್ನಿಗೆ ಭೋಂಗಾ ಅನ್ನುತ್ತಾರೆ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆಯ ಭೋಂಗಾ ಪಾಳಿ ಬದಲಾದಾಗಲೆಲ್ಲ ಕೂಗುತ್ತಿತ್ತು. ಅದು ಕೂಗಿದರೆ ಹುನ್ನೂರಿನ ಹೆಣ್ಣುಮಕ್ಕಳು ರೊಟ್ಟಿ ಬಡಿಯಲು ಕೂರುತ್ತಿದ್ದರು, ಚಹಾದಂಗಡಿಯವನು ಸ್ಟೋಗೆ ಗಾಳಿ ಹೊಡೆಯುತ್ತಿದ್ದ. ಭೋಂಗಾ ಕೇಳಿ ಗಾಬರಿಯಾಗಿ ಓಡಿದವರನ್ನು ನಾನಂತೂ ಕಂಡಿಲ್ಲ. ಈ ಮಾತು ಯಾಕೆ ಬಂತೆಂದರೆ, ನಾನು ಬರೆಯಬೇಕಾಗಿದ್ದ ಟೆಂಡರಿನ ಮೊದಲ ಷರತ್ತೇ ಸೈರನ್ ಆಗಿತ್ತು.

ಜಮಖಂಡಿಗೂ ಮುಧೋಳಕ್ಕೂ ನಡುವೆ ಕುರಿ–ಆಡುಗಳ ಬೇನೆಗಳ ಬಗ್ಗೆ ಸಂಶೋಧನೆ ನಡೆಸುವ ಒಂದು ಸಣ್ಣ ಪ್ರಯೋಗಾಲಯವಿತ್ತು. ಅಲ್ಲಿ ಖರೀದಿ ವಿಭಾಗ ನನ್ನದು. ವಿಭಾಗ ಅಂದರೆ ನಾನೊಬ್ಬ, ಒಂದು ಕಪಾಟು, ಕಾಲು ಅಲುಗಾಡುವ ಒಂದು ಟೇಬಲ್ಲು. ಸೂಜಿಯಿಂದ ಹಿಡಿದು ಜನರೇಟರಿನವರೆಗೆ ಎಲ್ಲದಕ್ಕೂ ದರಪಟ್ಟಿ ಕರೆಯುವುದು ನನ್ನ ಕೆಲಸ.

ಪ್ರಯೋಗಾಲಯದ ಜೀವ ಇದ್ದದ್ದು ಹಿಂದಿನ ಕೋಣೆಯ ಡೀಪ್ ಫ್ರೀಜರಿನಲ್ಲಿ. ಅದರೊಳಗೆ ಬೆರಳುದ್ದದ ಕೊಳವೆಗಳಲ್ಲಿ ಕುರಿಗಳ ರಕ್ತದಿಂದ ತೆಗೆದ ತಿಳಿನೀರು ಹೆಪ್ಪುಗಟ್ಟಿ ಕೂತಿರುತ್ತಿತ್ತು. ಬಹುಪಾಲು ನಮ್ಮ ಡಾಕ್ಟರ್ ಬಾಯಾರು, ಅಂದರೆ ಡಾಕ್ಟರಮ್ಮ, ತಂದವು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಬಿಸಿಲಿಗೆ ಅಂಜದವರು. ಬೀಳಗಿ ಕಡೆಯ ಕುರಿ ಹಟ್ಟಿಗಳಲ್ಲಿ ಅವರ ಸ್ಕೂಟರಿನ ಸದ್ದಿಗೆ ನಾಯಿಗಳೂ ಬೊಗಳುವುದನ್ನು ಬಿಟ್ಟಿದ್ದವು.

ಅವುಗಳಲ್ಲಿ ಗಲಗಲಿಯ ಹೊಳೆದಂಡೆಯ ಒಬ್ಬ ಮುತ್ಯಾನ, ಅಂದರೆ ಕುರಿ ಕಾಯುವ ಅಜ್ಜನ, ಹಿಂಡಿನ ಕೊಳವೆಗಳೇ ಬಾಯಾರಿಗೆ ಎಲ್ಲಕ್ಕಿಂತ ಹೆಚ್ಚು. ಹಿಂದಿನ ಮಳೆಗಾಲದಲ್ಲಿ ಸುತ್ತಲಿನ ಹಿಂಡುಗಳೆಲ್ಲ ಬೇನೆ ಬಿದ್ದಾಗ ಆ ಮುತ್ಯಾನ ಕುರಿಗಳು ಮಾತ್ರ ಮೇಯುತ್ತಲೇ ಇದ್ದವು. ಯಾಕೆ? ಉತ್ತರ ರಕ್ತದಲ್ಲಿದೆ ಎಂದು ಬಾಯಾರ ನಂಬಿಕೆ. ರಕ್ತ ಕೇಳಲು ಹೋದಾಗ ಜೊತೆಗೆ ನಾನೂ ಇದ್ದೆ. ಮುತ್ಯಾ ಕಂಬಳಿಯ ಮೇಲೆ ಕೂತು ಎಲ್ಲವನ್ನೂ ಕೇಳಿದ. ಆಮೇಲೆ ಎದ್ದು ಪ್ರತಿ ಕುರಿಯ ಹಣೆಗೂ ಬೀರಪ್ಪ ದೇವರ ಅರಿಶಿನದ ಭಂಡಾರ ಹಚ್ಚಿ, “ತಗೋ ತಂಗಿ. ಖರೆ ಒಂದ್ ಮಾತು. ಒಂದ್ ವರ್ಷದಾಗ ಎರಡ್ ಸಲ ನನ್ನ ಕುರಿ ಮೈಯಾಗಿಂದ ನೆತ್ತರ ತಗ್ಯಾಕ ಬಿಡೂದಿಲ್ಲ. ಮತ್ತ ಬಂದು ಕೇಳಬ್ಯಾಡ,” ಅಂದ.

“ಕೇಳೂದಿಲ್ಲ ಮುತ್ಯಾ,” ಅಂದರು ಬಾಯಾರು.

ಫ್ರೀಜರು ಹಳೆಯದು. ಬಾಗಿಲಿನ ರಬ್ಬರು ಸೋತಿತ್ತು. ಕರೆಂಟು ಹೋದರೆ ಜನರೇಟರನ್ನು ಯಾರಾದರೂ ಬಂದು ಕೈಯಿಂದಲೇ ಶುರು ಮಾಡಬೇಕು. ಅದಕ್ಕೇ ಒಳಗಿನ ಉಷ್ಣತೆಯನ್ನು ಸದಾ ನೋಡುತ್ತಿದ್ದು, ಏರಿದ ಕೂಡಲೇ ಎಚ್ಚರಿಸುವ ಒಂದು ಯಂತ್ರ ಬೇಕೆಂದು ಬಾಯಾರು ಬೆನ್ನು ಹತ್ತಿದರು. ಮೇಲಿನ ಕಚೇರಿಯಿಂದ ಬಂದ ಮಾದರಿ ಟೆಂಡರಿನಲ್ಲಿ ‘ದೂರಕ್ಕೆ ಕೇಳುವ ಸೈರನ್’ ಎಂದಿತ್ತು. ಅದನ್ನು ನಮ್ಮ ವಾಚಮನ್ ಕಾಕಾನಿಗೆ ಓದಿ ಹೇಳಿದೆ. ಹುನ್ನೂರಿನ ಮನುಷ್ಯ, ಬಾಯಿ ಸುಮ್ಮನಿರದವನು.

“ಅಣ್ಣಾರ, ಭೋಂಗಾ ಒದರಿತು ಅಂದ್ರ ನಾ ಬುತ್ತಿ ಬಿಚ್ಚತೇನಿ ನೋಡ್ರಿ,” ಅಂದ.

ಸೈರನ್ ಹೊಡೆದುಹಾಕಿ ‘ಮೊಬೈಲಿಗೆ ಕರೆ ಮಾಡತಕ್ಕದ್ದು’ ಎಂದು ಬರೆದೆವು. ಆಗ ಎಲ್ಲರ ಕಿಸೆಗೂ ಫೋನು ಬಂದಿತ್ತು. ಇನ್ನೇನು ಬೇಕು ಎಂದುಕೊಂಡೆವು.

ಬೇಕಾದದ್ದು ಬಹಳ ಇತ್ತು. ಫೋನು ಬಂದಿತ್ತು, ಅದರೊಳಗೆ ಕರೆನ್ಸಿ ಇರುತ್ತಿರಲಿಲ್ಲ. ಹೀಗಾಗಿ ನಮ್ಮ ಸೀಮೆಯಲ್ಲಿ ಮಿಸ್ ಕಾಲೇ ಒಂದು ಭಾಷೆಯಾಗಿತ್ತು. ಒಂದು ರಿಂಗಾಗಿ ನಿಂತರೆ ‘ಮನೆ ಮುಟ್ಟಿದೆ’ ಎಂದಾಗಬಹುದು, ‘ಚಹಾಕ್ಕೆ ಬಾ’ ಎಂದಾಗಬಹುದು. ಕಬ್ಬು ಬೆಳೆಯುವವರಲ್ಲಿ ಅದಕ್ಕೆ ಒಂದೇ ಅರ್ಥ: ತ್ರೀ ಫೇಸ್ ಕರೆಂಟು ಬಂತು, ಹೋಗಿ ಮೋಟಾರು ಚಾಲು ಮಾಡು.

ಹುಬ್ಬಳ್ಳಿಯ ಒಬ್ಬ ಎಂಜಿನಿಯರು ಯಂತ್ರವೊಂದನ್ನು ಪರೀಕ್ಷೆಗೆಂದು ತಂದು ಕೂರಿಸಿದ. ಗೋಡೆಗೆ ಒಂದು ಸಣ್ಣ ಪೆಟ್ಟಿಗೆ, ಅದಕ್ಕೊಂದು ಬ್ಯಾಟರಿ, ಒಳಗೊಂದು ಸಿಮ್. ಪೆಟ್ಟಿಗೆಯಿಂದ ಹೊರಟ ತೆಳು ತಂತಿ ಫ್ರೀಜರಿನೊಳಗೆ ಗ್ಲಿಸರಿನ್ ತುಂಬಿದ ಪುಟ್ಟ ಶೀಶೆಯಲ್ಲಿ ಮುಳುಗಿತ್ತು. ಬಾಗಿಲು ತೆರೆದಾಗೊಮ್ಮೆ ಸುಮ್ಮಸುಮ್ಮನೆ ಬೆದರದಿರಲಿ ಎಂದು ಹಾಗೆ ಮಾಡುತ್ತಾರಂತೆ. ಮೂವರ ನಂಬರು ಹಾಕಿದ: ಕಾಕಾ, ನಾನು, ಬಾಯಾರು. “ಒಬ್ಬರಿಗೆ ಎರಡು ರಿಂಗು ಕೊಟ್ಟು ಮುಂದಿನವರಿಗೆ ಹೋಗ್ತದೆ ಸರ್, ಟೈಮ್ ವೇಸ್ಟ್ ಮಾಡೋದಿಲ್ಲ,” ಎಂದು ಹೆಮ್ಮೆಯಿಂದ ಹೇಳಿ ಬಸ್ಸು ಹತ್ತಿದ.

ಬೇಸಿಗೆಯ ಒಂದು ಭಾನುವಾರ. ಗಾಳಿಗೆ ಕಂಬ ಬಿದ್ದು ಬೆಳಿಗ್ಗೆಯೇ ಕರೆಂಟು ಹೋಯಿತು. ಭಾನುವಾರ ನಮ್ಮಲ್ಲಿ ಸಂಜೆಯ ತನಕ ಯಾರೂ ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫ್ರೀಜರು ಬಿಸಿಯೇರತೊಡಗಿತು, ಯಂತ್ರ ತನ್ನ ಧರ್ಮದಂತೆ ಕಾಕಾನಿಗೆ ಎರಡು ರಿಂಗು ಕೊಟ್ಟು ನಿಲ್ಲಿಸಿತು.

ಕಾಕಾ ಮನೆಯಲ್ಲಿ ಉಣ್ಣುತ್ತ ಕೂತಿದ್ದ. ಗುರುತಿಲ್ಲದ ನಂಬರು. ಅವನ ಹೊಲದ ನೆರೆಯವನು ಪುಕ್ಕಟೆ ಮಾತಿನ ಆಸೆಗೆ ತಿಂಗಳಿಗೊಂದು ಸಿಮ್ ಬದಲಿಸುವ ಪೈಕಿ. ಇದು ಅವನದೇ ಹೊಸ ನಂಬರು, ತ್ರೀ ಫೇಸ್ ಬಂದಿದೆ ಎಂದುಕೊಂಡ ಕಾಕಾ ಅರ್ಧ ಊಟದಲ್ಲಿ ಕೈ ತೊಳೆದು ಹೊಲಕ್ಕೆ ಓಡಿದ. ಸ್ಟಾರ್ಟರಿನ ದೀಪ ಹತ್ತಿರಲಿಲ್ಲ. ಗುಂಡಿ ಒತ್ತಿದ. ಡಬ್ಬಿಗೆ ಬಡಿದ. ಸಿಟ್ಟಿಗೆದ್ದು ಆ ನಂಬರಿಗೆ ತಾನೊಂದು ಮಿಸ್ ಕಾಲ್ ಕೊಟ್ಟ: ಎಲ್ಲಿದೆ ನಿನ್ನ ಕರೆಂಟು?

ಯಂತ್ರಕ್ಕೆ ಆ ಭಾಷೆ ಬಾರದು. ಅದು ನನಗೆ ರಿಂಗು ಕೊಟ್ಟಿತು. ನಾನು ಬನಹಟ್ಟಿಯಲ್ಲಿ, ಮಗಳಿಗೆ ಸೀರೆ ನೇಯಿಸಲು ಕೊಟ್ಟ ನೇಕಾರರ ಮನೆಯಲ್ಲಿದ್ದೆ. ಅಲ್ಲಿ ಕರೆಂಟಿತ್ತು. ಹತ್ತಾರು ಮಗ್ಗಗಳ ಖಟಪಟದಲ್ಲಿ ಎದುರಿಗಿದ್ದವರ ಮಾತೇ ಕೇಳಿಸುತ್ತಿರಲಿಲ್ಲ, ಕಿಸೆಯ ಫೋನು ಎಲ್ಲಿ ಕೇಳಬೇಕು? ಆಮೇಲೆ ಅದು ಬಾಯಾರಿಗೆ ಮಾಡಿತು. ಬಾಯಾರು ಹಿಪ್ಪರಗಿ ಆಚೆಯ ಒಂದು ಹಟ್ಟಿಯಲ್ಲಿದ್ದರು. ರೇಂಜಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಯಂತ್ರ ಮತ್ತೆ ಕಾಕಾನಿಂದ ಶುರು ಮಾಡಿತು. ಕಾಕಾ ಮತ್ತೆ ಡಬ್ಬಿ ನೋಡಿದ, ಮತ್ತೆ ಮಿಸ್ ಕಾಲ್ ಕೊಟ್ಟ. ಆ ಇಡೀ ಮಧ್ಯಾಹ್ನ ಮನುಷ್ಯನೂ ಯಂತ್ರವೂ ಒಬ್ಬರಿಗೊಬ್ಬರು ಮಿಸ್ ಕಾಲ್ ಕೊಡುತ್ತ ಕೂತರು.

ಬಿಸಿಲು ಇಳಿದ ಮೇಲೆ ನಾನು ಚಹಾ ಕುಡಿಯಲು ಹೊರಗೆ ಬಂದೆ. ಕಾಕಾನ ಫೋನು ಬಂತು. ಮಿಸ್ ಕಾಲಲ್ಲ, ಪೂರ್ತಿ ಕರೆ. ಅಷ್ಟು ಸಿಟ್ಟು ಬಂದಿತ್ತು ಅವನಿಗೆ.

“ಅಣ್ಣಾರ, ಒಂದ್ ನಂಬರ್ ಹೇಳತೇನಿ, ಯಾರದು ನೋಡ್ರಿ. ಮಧ್ಯಾನ್ಹದಿಂದ ತಲಿ ತಿನ್ನಾಕತ್ತಾನ. ನಾ ಮಿಸ್ ಕಾಲ್ ಕೊಟ್ರ ತಾನೂ ಮಿಸ್ ಕಾಲ್ ಕೊಡತಾನ. ನನಕಿಂತಾ ಜಿಪುಣ ಈ ಸೀಮಿಯಾಗ ಯಾವಂವ ಅದಾನಲೇ ಅಂತ!”

ಅವನು ನಂಬರು ಹೇಳುತ್ತಿದ್ದಂತೆ ನಾನು ಕಪ್ಪು ಕೆಳಗಿಟ್ಟೆ. ಆ ಸಿಮ್ಮಿನ ಅರ್ಜಿ ತುಂಬಿದವನು ನಾನೇ.

“ಕಾಕಾ, ಅದು ಫ್ರೀಜರಿಂದು! ಓಡು!”

ಅವನು ಸೈಕಲ್ ತುಳಿದುಕೊಂಡು ಹೋಗಿ ಜನರೇಟರು ಶುರು ಮಾಡಿದ. ನಾನು ತಲುಪುವ ಹೊತ್ತಿಗೆ ಫ್ರೀಜರು ಗುಂಯ್‌ಗುಡುತ್ತಿತ್ತು. ಕಾಕಾ ಅದರ ಮುಂದೆ ಮೊಣಕಾಲು ಹಿಡಿದು ಕೂತಿದ್ದ. ಅವನು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಆವತ್ತು ಮಾತ್ರ.

ಮರುದಿನ ಬಾಯಾರು ಒಂದೊಂದೇ ಪೆಟ್ಟಿಗೆ ತೆಗೆದು ನೋಡಿದರು. ಕೆಳಗಿನವು ಗಟ್ಟಿಯಾಗಿ ಉಳಿದಿದ್ದವು. ಮೇಲಿನ ಸಾಲು ಕರಗಿ ಮತ್ತೆ ಹೆಪ್ಪುಗಟ್ಟಿತ್ತು. ಕೊನೆಗೆ ತಂದದ್ದರಿಂದ ಮುತ್ಯಾನ ಹಿಂಡಿನವು ಮೇಲೆಯೇ ಇದ್ದವು. ಒಮ್ಮೆ ಕರಗಿದ್ದನ್ನು ನಂಬಿ ಪರೀಕ್ಷೆ ಮಾಡುವಂತಿಲ್ಲ ಎಂದರು. ಯಾರ ಮೇಲೂ ಕೂಗಾಡಲಿಲ್ಲ. ಒಂದು ಕೊಳವೆಯನ್ನು ಬೆಳಕಿಗೆ ಹಿಡಿದು, “ಮುತ್ಯಾಗ ಏನ್ ಹೇಳ್ಲಿ?” ಎಂದು ಕೇಳಿದರು.

ಹೇಳಲೆಂದೇ ಗಲಗಲಿಗೆ ಹೋದೆವು. ಬಾಯಾರು ಸುತ್ತುಬಳಸದೆ ಹೇಳಿದರು.

“ಚೆಲ್ಲಿ ಹೋತೇನು?” ಮುತ್ಯಾ ಕೇಳಿದ.

“ಚೆಲ್ಲಿಲ್ಲ ಮುತ್ಯಾ. ಕರಗಿ ಕೆಟ್ಟೈತಿ.”

“ಯಾರೂ ಇರಲಿಲ್ಲೇನು ಅಲ್ಲೆ?”

“ಪೆಟ್ಟಿಗಿ ಕೂಗಿತು. ನಮಗ್ಯಾರಿಗೂ ತಿಳೀಲಿಲ್ಲ.”

ಬಾಯಾರು ರಕ್ತ ಕೇಳಲಿಲ್ಲ. ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರಲ್ಲ. ಅವರು ಕೇಳದೆ ಎದ್ದು ನಿಂತದ್ದನ್ನು ಮುತ್ಯಾ ನೋಡಿದ. “ವರ್ಷ ತುಂಬ್ಲಿ,” ಅಂದ. “ಆಮ್ಯಾಲ ನಾನ ಬರತೇನಿ, ಪೆಟ್ಟಿಗಿ ನೋಡಾಕ.”

ತಿರುಗಿ ಬರುವಾಗ ದಾರಿಯುದ್ದಕ್ಕೂ ನನಗೆ ನಮ್ಮ ಅಜ್ಜಿಯ, ನಾವು ಆಯಿ ಅನ್ನುತ್ತಿದ್ದವಳ ನೆನಪು. ದೀಪ ಹಚ್ಚಿದ ಮೇಲೆ ಹೊರಗಿನಿಂದ ಒಂದೇ ಸಲ ಯಾರಾದರೂ ಕೂಗಿದರೆ ಆಯಿ ನಮ್ಮನ್ನು ಓ ಎನ್ನಗೊಡುತ್ತಿರಲಿಲ್ಲ. “ಸುಮ್ಕಿರು. ದೆವ್ವ ಒಂದ ಸಲ ಕೂಗತೈತಿ. ಮನಷ್ಯಾ ಆದ್ರ ಇನ್ನೊಮ್ಮೆ ಕೂಗತಾನ,” ಅನ್ನುತ್ತಿದ್ದಳು. ಎರಡನೆಯ ಕೂಗಿಗೆ ಓಗೊಡದಿದ್ದರೆ ಮಾತ್ರ ಬೈಗುಳ ತಪ್ಪುತ್ತಿರಲಿಲ್ಲ. ದೆವ್ವದ ಮಾತನ್ನು ನಾನು ಯಾವತ್ತೋ ಬಿಟ್ಟಿದ್ದೆ. ಆದರೆ ಓ ಎನ್ನುವಷ್ಟೂ ನಿಲ್ಲದೆ ಎರಡು ರಿಂಗಿಗೇ ಮುಂದಿನವರ ಹತ್ತಿರ ಓಡುವ ಯಂತ್ರ ಆಯಿ ಹೇಳಿದ ದೆವ್ವದಂತೆಯೇ ನಡೆದುಕೊಂಡಿತ್ತಲ್ಲ.

ಟೆಂಡರು ತಿದ್ದಿದೆವು. ಕರೆ ಎತ್ತುವವರೆಗೂ ಬಿಡಬಾರದು. ಎತ್ತಿದ ಮೇಲೆ ಮಾತಾಡಬೇಕು, ಅದೂ ಇಲ್ಲಿಯ ಮಾತು. ಕೇಳಿದವರು ಗುಂಡಿ ಒತ್ತಿ ತಿಳಿಯಿತೆಂದು ಹೇಳುವವರೆಗೆ ಮತ್ತೆ ಮತ್ತೆ ಹೇಳಬೇಕು. ಮೇಲಿನ ಕಚೇರಿಯವರು ‘ಇಲ್ಲಿಯ ಮಾತು ಎಂದರೇನು’ ಎಂದು ಟಿಪ್ಪಣಿ ಹಾಕಿ ಒಮ್ಮೆ ವಾಪಸು ಕಳಿಸಿದರು. ಕಡೆಗೆ ಒಪ್ಪಿದರು, ಹುಬ್ಬಳ್ಳಿಯವನೇ ಹೊಸ ಯಂತ್ರ ತಂದ.

ಧ್ವನಿ ಯಾರದು? ಕಾಕಾನೇ ಹೇಳಿದ: “ನಮ್ಮಾಕಿದು ಹಾಕ್ರಿ. ಆಕಿ ಮಾತಾಡೂ ಮುಂದ ಫೋನ್ ಕಟ್ ಮಾಡೂ ಧೈರ್ಯ ನನಗ ಇನ್ನೂ ಬಂದಿಲ್ಲ.” ಆಕೆ ಸೆರಗು ಹೊದ್ದು ಬಂದು ಪೆಟ್ಟಿಗೆಯ ಮುಂದೆ ನಿಂತು, ಅಡಿಗೆಮನೆಯಿಂದ ಗಂಡನನ್ನು ಕರೆಯುವ ಹಾಗೇ ಹೇಳಿದಳು: “ಏನ್ರೀ, ಥಂಡಿ ಹೊಂಟೈತಿ, ಲಗೂನ ಬರ್ರಿ!” ನಮಗೆಲ್ಲ ಬಹಳ ಮೆಚ್ಚುಗೆಯಾಯಿತು. ಈ ಸಲ ನಮ್ಮ ಮೇಲಧಿಕಾರಿಗಳ ನಂಬರನ್ನೂ ಸೇರಿಸಿದ್ದೆವು. ಪರೀಕ್ಷೆಯ ಕರೆ ಹೋದಾಗ ಅವರು ಸ್ನಾನಕ್ಕೆ ಹೋಗಿದ್ದರು, ಫೋನು ಎತ್ತಿದ್ದು ಅವರ ಹೆಂಡತಿ.

ಮರುದಿನ ಸಾಹೇಬರು ನನ್ನ ಟೇಬಲ್ಲಿಗೇ ಬಂದರು. “ಆ ‘ಏನ್ರೀ’ ಒಂದು ತೆಗಸಪಾ. ನಿನ್ನೆ ನಮ್ಮನಿಯಾಗ ಒಲಿ ಹೊತ್ತಿಲ್ಲ.”

‘ಅಣ್ಣಾರ’ ಎಂದು ಹಾಕೋಣವೆಂದರೆ ಕಾಕಾ ತಕರಾರು ತೆಗೆದ: “ಕಟಗೊಂಡಾಕಿ ನನಗ ಅಣ್ಣಾ ಅಂದ್ರ ನಾ ಎಲ್ಲಿ ಹೋಗ್ಲಿ?” ಕಡೆಗೆ ಆಕೆಯೇ ದಾರಿ ಕಂಡುಹಿಡಿದಳು. ನಮ್ಮ ಹೆಣ್ಣುಮಕ್ಕಳು ದಾರಿಹೋಕನಿಗೂ ದೇವರಿಗೂ ಬಳಸುವ ಮಾತೊಂದಿದೆಯಲ್ಲ. “ಓ ಯಪ್ಪಾ... ಥಂಡಿ ಹೊಂಟೈತಿ, ಬರ್ರೆಪಾ.” ಅದು ಯಾರಿಗೂ ಸಲ್ಲುತ್ತದೆ, ಯಾರ ಮನೆಯ ಒಲೆಯನ್ನೂ ಆರಿಸುವುದಿಲ್ಲ.

ವರ್ಷ ತುಂಬಿದ ಮೇಲೆ ಮುತ್ಯಾ ಹೇಳಿದಂತೆಯೇ ಬಂದ. ಕಂಬಳಿ ಹೆಗಲ ಮೇಲಿತ್ತು, ಚಪ್ಪಲಿ ಹೊರಗೆ ಬಿಟ್ಟು ಗುಡಿಯೊಳಗೆ ಕಾಲಿಟ್ಟಂತೆ ಒಳಗೆ ಬಂದ. ಫ್ರೀಜರು ನೋಡಿದ, ಶೀಶೆ ನೋಡಿದ. “ಅದು ಏನಂತ ಕೂಗತೈತಿ, ಕೂಗಸ್ರಿ,” ಅಂದ.

ಬಾಯಾರು ತಂತಿಯನ್ನು ಹೊರಗೆ ತೆಗೆದು ಅಂಗೈಯಲ್ಲಿ ಹಿಡಿದರು. ಸ್ವಲ್ಪ ಹೊತ್ತಿಗೆ ಕಾಕಾನ ಫೋನು ಬಡಿದುಕೊಂಡಿತು. ಕಾಕಾ ಅದನ್ನೆತ್ತಿ ಮುತ್ಯಾನ ಕಿವಿಗೆ ಹಿಡಿದ.

“ಓ ಯಪ್ಪಾ... ಥಂಡಿ ಹೊಂಟೈತಿ, ಬರ್ರೆಪಾ.”

ಮುತ್ಯಾ ತುಟಿ ಬಿಚ್ಚಲಿಲ್ಲ. ಬಾಯಾರು ನನ್ನ ಮುಖ ನೋಡಿದರು. ಕೇಳಿಸಲಿಲ್ಲವೇನೋ ಎಂದು ಕಾಕಾ ಫೋನನ್ನು ಇನ್ನಷ್ಟು ಒತ್ತಿ ಹಿಡಿದ. ಮುತ್ಯಾ ಯಾಕೆ ಸುಮ್ಮನಿದ್ದಾನೆಂದು ನನಗೆ ಮಾತ್ರ ಹೊಳೆಯಿತು, ಆಯಿಯ ಮಾತು ನೆನೆದು ನಾನೂ ಕಾದೆ.

ಯಂತ್ರ ಮತ್ತೆ ಕೂಗಿತು. “ಓ ಯಪ್ಪಾ...”

“ಓ ಯವ್ವಾ,” ಅಂದ ಮುತ್ಯಾ, ಹೊಳೆ ಆಚೆ ದಂಡೆಗೆ ಕೇಳುವಷ್ಟು ಗಟ್ಟಿಯಾಗಿ. “ಬಂದೆ, ತಡಿ.”

ಆಮೇಲೆ ಬಾಯಾರ ಕಡೆ ತಿರುಗಿ, ಸೊಂಟದ ಚೀಲದಿಂದ ಭಂಡಾರ ತೆಗೆದು ಫ್ರೀಜರಿನ ಬಾಗಿಲಿಗೆ ಒಂದು ಬೆರಳು ಹಚ್ಚಿದ. “ನಾಳಿ ನಸುಕಿನ್ಯಾಗ ಬಾ ತಂಗಿ. ಕುರಿ ಮೇಯಾಕ ಬಿಡೂದ್ರೊಳಗ.”