ಅಕ್ಕನ ಹೆಸರು ಹೇಳದೆ ಬಿಟ್ಟದ್ದು

ಅಕ್ಕ ಬದುಕಿದ್ದಾಳೆ. ಮುಂಡರಗಿಯಿಂದ ಈಗಲೂ ಫೋನ್ ಮಾಡಿ ಊಟ ಆಯಿತೇ ಎಂದು ವಿಚಾರಿಸುತ್ತಾಳೆ. ಹಾಳು ಹೊಟ್ಟೆ, ಊಟವೂ ಸುಸೂತ್ರ ಆಗಿರುತ್ತದೆ. ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ.

ನಾನು ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹೆತ್ತವರ ಗುಣ ಮಕ್ಕಳಿಗೆ ಹೇಗೆ ಬರುತ್ತದೆಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಬಟಾಣಿ ಗಿಡ ಬರೆದು ಕಲಿಸುವ ಜಾಣ. ಐದು ವರ್ಷದ ಹಿಂದೆ ಹೊಟ್ಟೆನೋವು ತಡೆಯಲಾರದೆ ಹುಬ್ಬಳ್ಳಿಗೆ ಹೋದಾಗ, ಸಣ್ಣ ಕರುಳಿನಲ್ಲಿ ಗಂಟು ಬೆಳೆದಿದೆಯೆಂದು ಆಪರೇಷನ್ ಮಾಡಿದರು. ಡಾಕ್ಟರು ನನ್ನ ಕೆಳತುಟಿ ಮಡಚಿ ಒಳಗಿದ್ದ ಕಪ್ಪು ಚುಕ್ಕೆಗಳನ್ನು ಕನ್ನಡಿಯಲ್ಲಿ ತೋರಿಸಿದರು. ಇದು ರಕ್ತಸಂಬಂಧದಲ್ಲಿ ಬರುವ ಕಾಯಿಲೆ, ಮುಂದೆ ಕ್ಯಾನ್ಸರ್ ಆಗುವ ಭಯವಿದೆ, ಎರಡು-ಮೂರು ವರ್ಷಕ್ಕೊಮ್ಮೆ ಕರುಳು ಪರೀಕ್ಷೆ ಮಾಡಿಸುತ್ತಿರಬೇಕು ಎಂದರು. ಮನೆಯಲ್ಲಿ ಒಂದೇ ರಕ್ತದವರಿಗೆಲ್ಲ ತೋರಿಸಬೇಕು, ಯಾರ್ಯಾರು ಇದ್ದೀರಿ ಎಂದು ಕೇಳಿದರು.

"ನಾನು, ನನ್ನ ಮಗಳು, ಇಬ್ಬರ ರೀ," ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಮ್ಮಲ್ಲಿ ಕೊಟ್ಟ ಹೆಣ್ಣು ಇನ್ನೊಂದು ಮನೆಯವಳು. ಡಾಕ್ಟರು ಕೇಳಿದ್ದು ನಮ್ಮ ಮನೆಯವರನ್ನು. ಊರಿಗೆ ಮರಳುವ ಬಸ್ಸಿನಲ್ಲಿ ಅಕ್ಕನ ತುಟಿ ನೆನಪಾಯಿತು. ಚಿಕ್ಕವಳಿದ್ದಾಗ ಅವಳಿಗೂ ಅಂಥವೇ ಚುಕ್ಕೆಗಳಿದ್ದವು. ನೇರಳೆ ಹಣ್ಣು ಕದ್ದು ತಿಂದು ಬಂದಿದ್ದಾಳೆಂದು ಅವ್ವ ಸೆರಗಿನಿಂದ ಒರೆಸುತ್ತಿದ್ದಳು.

ಆಗಲೂ ಹೇಳಲಿಲ್ಲ. ಆಪರೇಷನ್ ಆದದ್ದು ಅಪೆಂಡಿಕ್ಸಿಗೆ ಎಂದು ಅಕ್ಕನಿಗೆ ತಿಳಿಸಿದೆ. ಮಗಳ ರಕ್ತ ಪರೀಕ್ಷೆ ಮಾಡಿಸಿದೆ, ಅವಳಿಗೆ ಕಾಯಿಲೆ ಇರಲಿಲ್ಲ. ಶಿರಹಟ್ಟಿಯ ಭಾವನ ಸಂಬಂಧಿಕರ ಹುಡುಗನ ಜೊತೆಗೇ ಅವಳ ಮದುವೆಯ ಮಾತುಕತೆ ನಡೆದಿತ್ತು. ಅಕ್ಕನಿಗೆ ಹೇಳಿದರೆ ಭಾವನಿಗೆ ಗೊತ್ತಾಗುತ್ತದೆ, ಭಾವನಿಂದ ಬೀಗರಿಗೆ. ಮದುವೆ ಆಗಲಿ ಎಂದುಕೊಂಡೆ. ಮದುವೆ ಆಯಿತು. ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಕೇಳಿದರೆ ಏನನ್ನಲಿ ಎಂದು ಮತ್ತೆ ಸುಮ್ಮನಾದೆ.

ಎರಡು ವರ್ಷದ ಮೇಲೆ ನನ್ನ ಪರೀಕ್ಷೆಯ ದಿನ ಬಂತು. ಹೆಂಡತಿ ಜ್ವರ ಬಂದು ಮಲಗಿದ್ದಳು. ಸುದ್ದಿ ತಿಳಿದ ಅಕ್ಕ ಮುಂಡರಗಿಯಿಂದ ಬಸ್ಸು ಹತ್ತಿ ಬಂದಳು. ಹಿಂದಿನ ದಿನ ಬರೀ ತಿಳಿ ನೀರಿನಂಥದ್ದೇ ಕುಡಿಯಬೇಕಿತ್ತು. ಬೇಳೆಕಟ್ಟನ್ನು ಎರಡೆರಡು ಸಲ ಸೋಸಿ ಕೊಟ್ಟಳು. ಬೆಳಿಗ್ಗೆ ಹುಬ್ಬಳ್ಳಿಗೂ ಬಂದಳು. ಒಳಗೆ ಪುಟ್ಟ ಕ್ಯಾಮೆರಾ ಇರುವ ಗುಳಿಗೆಯೊಂದನ್ನು ನಾನು ನುಂಗಿದೆ. ಅದು ಕರುಳಿನುದ್ದಕ್ಕೂ ಸಾಗುತ್ತ ತೆಗೆದ ಚಿತ್ರಗಳನ್ನು ಹಿಡಿಯಲು ಸೊಂಟಕ್ಕೆ ಒಂದು ಪಟ್ಟಿ ಕಟ್ಟಿದರು. ಇಡೀ ದಿನ ಅಕ್ಕ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದಳು. ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟಿದ್ದಳು, ಮುಖ ಬಿಳಿಚಿಕೊಂಡಿತ್ತು.

"ಎದಕ್ಕೋ ತಮ್ಮಾ ಇದೆಲ್ಲಾ?" ಎಂದು ಕೇಳಿದಳು.

"ಗ್ಯಾಸ್ ಆಗೇತಿ, ಅದಕ್ಕ ನೋಡಾಕತ್ತಾರ," ಎಂದೆ.

ತನಗೂ ಉಂಡ ಮೇಲೆ ಹೊಟ್ಟೆ ಹಿಂಡಿದಂತಾಗುತ್ತದೆ, ಎಷ್ಟೋ ತಿಂಗಳಾಯಿತು ಎಂದಳು. ಗಿರ್ಮಿಟ್, ಮಿರ್ಚಿ ಬಿಡು ಎಂದು ಚೇಷ್ಟೆ ಮಾಡಿದೆ. ಅವಳು ನಕ್ಕಳು. ನನಗೆ ಎರಡು ಸಣ್ಣ ಗಂಟು ಕಂಡವು, ತೆಗೆಸಿಕೊಂಡು ಹಾಯಾಗಿ ಬಂದೆ.

ಮರುವರ್ಷ ಭಾವ ಫೋನ್ ಮಾಡಿದರು. ಅಕ್ಕ ತಲೆಸುತ್ತಿ ಬಿದ್ದಿದ್ದಳು, ಗದಗದ ಆಸ್ಪತ್ರೆಯಲ್ಲಿದ್ದಳು. ಸ್ಕ್ಯಾನ್‌ನಲ್ಲಿ ಸಣ್ಣ ಕರುಳಿನಲ್ಲಿ ಗಡ್ಡೆ ಕಂಡಿತ್ತು. ನಾನು ಹೋಗಿ ನಿಂತ ಹೊತ್ತಿಗೆ ಡಾಕ್ಟರು ತವರಿನಲ್ಲಿ ಯಾರಿಗಾದರೂ ಇಂಥದ್ದು ಆಗಿತ್ತೇ ಎಂದು ಕೇಳುತ್ತಿದ್ದರು. ಭಾವ ಪಕ್ಕದಲ್ಲೇ ಇದ್ದರು. ದಿಂಬಿಗೊರಗಿದ್ದ ಅಕ್ಕ ನೆಟ್ಟಗೆ ಕುಳಿತಳು.

"ನಮ್ಮ ತವರಾಗ ಯಾರಿಗೂ ಏನೂ ಇಲ್ರಿ," ಎಂದು ನನ್ನ ಕಡೆ ನೋಡಿದಳು. ತವರಿನ ಮಾನ ಕಾಯ್ದ ಸಮಾಧಾನ ಆ ಕಣ್ಣಿನಲ್ಲಿತ್ತು.

ನೆಲ ಬಾಯಿಬಿಡಬಾರದೇ ಅನ್ನಿಸಿತು. "ನನಗ ಐತ್ರಿ," ಎಂದೆ. "ಮೂರು ವರ್ಷದಿಂದ ಗೊತ್ತೈತಿ."

ಭಾವ ನನ್ನನ್ನೇ ದಿಟ್ಟಿಸಿದರು. ಅಕ್ಕ ಬೈಯಲಿ, ಉಗಿಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ನನ್ನ ಕಡೆ ತಿರುಗಲೂ ಇಲ್ಲ.

"ಡಾಕ್ಟರ್ ಸಾಹೇಬ್ರ, ಹಂಗಾದ್ರ ನನ್ನ ಮಗಳನ್ನ ಇವತ್ತ ಕರಸ್ಲೇನ್ರಿ?" ಎಂದಳು.